ಐರಿಷ್ ಊಟ ಸಪ್ಪೆಯಲ್ಲ; ಸೋಡಾ ಬ್ರೆಡ್ಡಿಗೆ ಯೀಸ್ಟೂ ಬೇಡ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಐರ್ಲೆಂಡಿನ ಹಳ್ಳಿಯೂಟದ ಬಗ್ಗೆ ಬಂದಿದ್ದ ಅರ್ಧ ಪುಟದ ಬರಹವನ್ನು ಹಾಸನದಲ್ಲಿರುವ ನನ್ನ ತಂಗಿ ಫೋಟೊ ತೆಗೆದು ಕಳುಹಿಸಿದ್ದಳು. ಕೆಳಗೆ ಒಂದೇ ಸಾಲು: ‘ಅಕ್ಕಾ, ಇಷ್ಟು ವರ್ಷ ಇದನ್ನೇ ತಿಂದುಕೊಂಡು ಇದ್ದೀಯಾ?’ ಬರಹದ ಪ್ರಕಾರ ಐರ್ಲೆಂಡ್ ಎಂದರೆ ಆಲೂಗಡ್ಡೆ ಬೇಯಿಸಿ, ಉಪ್ಪು ಉದುರಿಸಿ ತಿನ್ನುವ, ನಾಲಿಗೆಯೇ ಇಲ್ಲದ ಜನರ ನಾಡು. ಪಕ್ಕದ ಚೌಕಟ್ಟಿನಲ್ಲಿ ‘ಐರಿಷ್ ಸೋಡಾ ಬ್ರೆಡ್’ ಮಾಡುವ ವಿಧಾನ ಕೊಟ್ಟಿದ್ದೀರಿ. ಯೀಸ್ಟ್ ಹಾಕಿ, ಹತ್ತು ನಿಮಿಷ ನಾದಿ, ಎರಡು ಗಂಟೆ ಉಬ್ಬಲು ಬಿಡಿ ಎಂದು ಅದರಲ್ಲಿದೆ. ಮೊದಲನೆಯದನ್ನು ಓದಿ ಸಿಟ್ಟು ಬಂತು, ಎರಡನೆಯದನ್ನು ಓದಿ ನಗು ಬಂತು. ಸೋಡಾ ಬ್ರೆಡ್ಡಿಗೆ ಯೀಸ್ಟ್ ಹಾಕಿ ಎನ್ನುವುದು ಇಡ್ಲಿ ಹಿಟ್ಟನ್ನು ಲಟ್ಟಿಸಿ ಎಂದ ಹಾಗೆ. ಪತ್ರ ಉದ್ದವಾಗಿದೆ. ಕತ್ತರಿಸುವುದಾದರೆ ನನ್ನ ಪುರಾಣವನ್ನು ಕತ್ತರಿಸಿ, ಕೊನೆಯಲ್ಲಿರುವ ಬ್ರೆಡ್ಡಿನ ಅಳತೆಗೆ ಮಾತ್ರ ಕೈ ಹಾಕಬೇಡಿ.

ನಾನು ಹಾಸನದ ಕಡೆಯ ರೈತರೊಬ್ಬರ ಮಗಳು. ಅಪ್ಪ ಮುಂಗಾರಿಗೆ ಎರಡು ಎಕರೆ ಆಲೂಗಡ್ಡೆ ಹಾಕುತ್ತಿದ್ದರು. ಜಲಂಧರದಿಂದ ಲಾರಿಗಳಲ್ಲಿ ಬರುವ ಬಿತ್ತನೆ ಗಡ್ಡೆಯನ್ನು ಎಪಿಎಂಸಿಯಿಂದ ತಂದು, ಕಣ್ಣು ನೋಡಿ ಹೋಳು ಮಾಡುವುದು ನಮ್ಮ ಅಕ್ಕತಂಗಿಯರ ಕೆಲಸ. 2005ರಲ್ಲಿ ನರ್ಸ್ ಆಗಿ ಐರ್ಲೆಂಡಿಗೆ ಬಂದೆ. ಪಶ್ಚಿಮ ಕರಾವಳಿಯ ಮೇಯೊ ಕೌಂಟಿಯಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಕೆಲಸ. ಮೊದಲ ಮೂರು ವರ್ಷ ಅಲ್ಲಿಗೆ ಹತ್ತಿರದ ಒಂದು ರೈತರ ಮನೆಯಲ್ಲಿ, ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯೊಡತಿಗೆ ಆಗ ಎಪ್ಪತ್ತನಾಲ್ಕು ವರ್ಷ. ಇಲ್ಲಿ ಚಿಕ್ಕವರೂ ದೊಡ್ಡವರನ್ನು ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ನಾಲಿಗೆ ಅದಕ್ಕೆ ಹೊರಳಲಿಲ್ಲ. ‘ಅಜ್ಜಿ’ ಎಂದು ಕರೆದು, ಅರ್ಥ ಹೇಳಿದೆ. ಒಂದು ಕ್ಷಣ ಯೋಚಿಸಿ ಒಪ್ಪಿಕೊಂಡರು. ಇಲ್ಲಿಯೂ ಅಜ್ಜಿ ಎಂದೇ ಬರೆಯುತ್ತೇನೆ.

ಬಂದ ಮೊದಲ ದಿನವೇ ಉಪವಾಸ ಬಿದ್ದೆ. ‘ಡಿನ್ನರ್ ಒಂದಕ್ಕೆ’ ಎಂದು ಅಜ್ಜಿ ಹೇಳಿದ್ದರು. ಡಿನ್ನರ್ ಎಂದರೆ ರಾತ್ರಿಯೂಟ ಎಂದು ಶಾಲೆಯಲ್ಲಿ ಕಲಿತವಳು ನಾನು. ‘ಒಂದಕ್ಕೆ’ ಎಂಬುದನ್ನು ಸರಿಯಾಗಿ ಕೇಳಿಸಿಕೊಳ್ಳದೆ ಮಧ್ಯಾಹ್ನ ಮಲಗಿ ಎದ್ದು, ರಾತ್ರಿ ಎಂಟಕ್ಕೆ ಕೆಳಗಿಳಿದರೆ ಅಡುಗೆಮನೆ ಒರೆಸಿ ಒಣಗಿತ್ತು. ಹಳ್ಳಿಯ ಮನೆಗಳಲ್ಲಿ ಡಿನ್ನರ್ ಎಂದರೆ ಮಧ್ಯಾಹ್ನದ ದೊಡ್ಡ ಊಟ. ಸಂಜೆ ಆರಕ್ಕೆ ಚರ್ಚಿನ ಗಂಟೆ ಬಾರಿಸಿದ ಮೇಲೆ ಇರುವುದು ‘ಟೀ’. ಅದೊಂದು ಲಘು ಊಟ: ಬ್ರೆಡ್ಡು, ಬೆಣ್ಣೆ, ಬೇಯಿಸಿದ ಮೊಟ್ಟೆ, ಜಾಮ್, ಬೇಸಿಗೆಯಾದರೆ ತಣ್ಣನೆಯ ಹ್ಯಾಮ್, ಲೆಟಿಸ್ ಎಲೆ, ಬೀಟ್‌ರೂಟ್. ಬೆಳಗಿನಿಂದ ದನದ ಹಿಂದೆ, ಹೊಲದಲ್ಲಿ ದುಡಿದವನಿಗೆ ನಡು ಹಗಲಲ್ಲಿ ಹೊಟ್ಟೆ ತುಂಬಬೇಕು. ರಾತ್ರಿ ತುಂಬಿಸಿಕೊಂಡು ಏನು ಮಾಡುತ್ತಾನೆ? ನಮ್ಮ ಅಪ್ಪನೂ ಇದೇ ಲೆಕ್ಕದವರು. ಈಗಲೂ ನಮ್ಮ ಆರೈಕೆ ಕೇಂದ್ರದಲ್ಲಿ ಹನ್ನೆರಡೂವರೆಗೆ ಬಿಸಿಯೂಟ ಬರದಿದ್ದರೆ ತೊಂಬತ್ತರ ಮುದುಕರು ಕುರ್ಚಿಯ ಕೈ ಬಡಿಯುತ್ತಾರೆ.

ಮರುದಿನ ಒಂದಕ್ಕೆ ಐದು ನಿಮಿಷ ಮೊದಲೇ ಮೇಜಿಗೆ ಬಂದು ಕುಳಿತೆ. ನಡುವೆ ಒಂದು ದೊಡ್ಡ ಬೋಗುಣಿ, ಅದರ ತುಂಬ ಸಿಪ್ಪೆ ಸಮೇತ ಬೆಂದ ಆಲೂಗಡ್ಡೆ, ಮೇಲೆ ಹಬೆ. ಬಡಿಸುವವರಿಲ್ಲ. ಒಬ್ಬೊಬ್ಬರೂ ಫೋರ್ಕಿನಲ್ಲಿ ಒಂದೊಂದನ್ನು ಚುಚ್ಚಿ ಎತ್ತಿ, ಸಿಪ್ಪೆಯನ್ನು ನಾಜೂಕಾಗಿ ಕಳಚಿ ಪಕ್ಕದ ತಟ್ಟೆಗೆ ಹಾಕುತ್ತಾರೆ. ಆ ಸಿಪ್ಪೆ ಕೋಳಿಗೆ. ಗಡ್ಡೆಯ ಸಿಪ್ಪೆ ತಾನಾಗಿ ಬಿರಿದು ಒಳಗಿನ ಬಿಳಿ ಹಿಟ್ಟು ಇಣುಕುತ್ತಿದ್ದರೆ ‘ಗಡ್ಡೆ ನಗುತ್ತಿದೆ’ ಎನ್ನುತ್ತಾರೆ. ಅಡುಗೆಯವಳಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನಗದ ಗಡ್ಡೆ ಬಂದ ದಿನ ಅಜ್ಜಿಯ ಮಗ ಮಾತಾಡದೆ ಉಂಡು ಎದ್ದು ಹೋಗುತ್ತಿದ್ದ. ನಮ್ಮ ಮನೆಗಳಲ್ಲಿ ರಾಜಮುಡಿ, ಸೋನಾ ಮಸೂರಿ ಎಂದು ಅಕ್ಕಿಯ ಬಗ್ಗೆ ವಾದ ನಡೆಯುವಂತೆ ಇಲ್ಲಿ ಕೆರ್ಸ್ ಪಿಂಕ್ ಮೇಲೋ ಗೋಲ್ಡನ್ ವಂಡರ್ ಮೇಲೋ ಎಂದು ನಡೆಯುತ್ತದೆ. ಜುಲೈ ಕೊನೆಯ ಭಾನುವಾರ ಜನ ಕ್ರೋಗ್ ಪ್ಯಾಟ್ರಿಕ್ ಬೆಟ್ಟ ಹತ್ತುತ್ತಾರೆ. ಹೊಸ ಗಡ್ಡೆ ಅಗೆಯುವ ಮುಹೂರ್ತವೂ ಹಿಂದೆ ಅದೇ ಭಾನುವಾರದ್ದು. ಅದಕ್ಕೂ ಮೊದಲು ಅಗೆದವನನ್ನು ಬೇಸಾಯ ಗೊತ್ತಿಲ್ಲದವನು ಎಂದು ಆಡಿಕೊಳ್ಳುತ್ತಿದ್ದರಂತೆ. ಹಳೆ ಗಡ್ಡೆ ಮುಗಿದು ಹೊಸದು ಇನ್ನೂ ಬಲಿಯದ ಜುಲೈ ತಿಂಗಳಿಗೆ ಅವರಿಟ್ಟ ಹೆಸರು ‘ಹಸಿವಿನ ಜುಲೈ’. ಇನ್ನೊಂದು ಹೆಸರು ‘ಎಲೆಕೋಸಿನ ಜುಲೈ’.

ಎಲೆಕೋಸಿನ ಮಾತು ಬಂದಿದ್ದರಿಂದ ಒಂದು ಸತ್ಯ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯೊಳಗೆ ಹಂದಿ ಮಾಂಸ ತರುವ ರೂಢಿ ಇರಲಿಲ್ಲ. ಅಜ್ಜಿಯ ಮನೆಯಲ್ಲಿ ವಾರಕ್ಕೆ ಮೂರು ದಿನವಾದರೂ ಬೇಕನ್ ಮತ್ತು ಎಲೆಕೋಸು. ‘ನನಗೆ ಕೋಸು ಮಾತ್ರ ಸಾಕು’ ಎಂದೆ. ಅಜ್ಜಿ ಹಾಗೆಯೇ ಬಡಿಸಿದರು. ಬರೀ ಕೋಸಿಗೆ ಇಷ್ಟು ರುಚಿ ಹೇಗೆ ಬಂತು ಎಂದು ಬೆರಗಾಗಿ, ತಂಗಿಗೆ ಫೋನ್ ಮಾಡಿದಾಗ ಹೊಗಳಿಯೂ ಬಿಟ್ಟೆ. ಎರಡು ತಿಂಗಳಾದ ಮೇಲೆ ಒಂದು ರಜೆಯ ದಿನ ಒಲೆಯ ಪಕ್ಕ ನಿಂತು ನೋಡಿದಾಗ ಗುಟ್ಟು ಗೊತ್ತಾಯಿತು. ಉಪ್ಪು ಹಾಕಿ ಇಟ್ಟ ಬೇಕನ್ ತುಂಡನ್ನು ಬೇಯಿಸಿ ತೆಗೆದ ನೀರಿನಲ್ಲೇ ಕೋಸು ಬೇಯುವುದು! ಅಷ್ಟು ದಿನ ನಾನು ಉಂಡದ್ದು ಆ ರಸವನ್ನು. ಅಜ್ಜಿಯ ಮುಖದಲ್ಲಿ ಕಳ್ಳತನವೇನೂ ಇರಲಿಲ್ಲ. ಮಾಂಸ ಬೇಡ ಎಂದಿದ್ದೆ, ಮಾಂಸ ಹಾಕಿರಲಿಲ್ಲ. ಆಕೆಯ ಲೆಕ್ಕ ಸರಿಯಾಗಿಯೇ ಇತ್ತು.

ಎಲ್ಲವೂ ಅಮೃತ ಎಂದು ವಾದಿಸಲು ನಾನು ಹೊರಟಿಲ್ಲ. ಕೋಸನ್ನು ಒಂದು ಗಂಟೆಗೂ ಮಿಕ್ಕಿ ಬೇಯಿಸುವ ಮನೆಗಳಿವೆ, ಅದು ಅಪರಾಧವೇ. ಕ್ಯಾರೆಟ್ಟಿಗೂ ಅದೇ ಶಿಕ್ಷೆ. ಮೆಣಸಿನ ಪುಡಿಯ ಡಬ್ಬಿ ಅಜ್ಜಿಯ ಕಪಾಟಿನಲ್ಲಿ ಎಷ್ಟು ವರ್ಷದಿಂದ ಇತ್ತೋ, ಅಲ್ಲಾಡಿಸಿದರೆ ಗಟ್ಟಿಯಾಗಿ ಕಲ್ಲಿನಂತೆ ಸದ್ದು ಮಾಡುತ್ತಿತ್ತು. ಆದರೆ ಖಾರವಿಲ್ಲದ್ದೆಲ್ಲ ಸಪ್ಪೆ ಎನ್ನುವುದಾದರೆ ನಮ್ಮ ಮೊಸರನ್ನವೂ ಸಪ್ಪೆ, ತುಪ್ಪದನ್ನವೂ ಸಪ್ಪೆ. ಈ ಊಟವನ್ನು ಅಳೆಯಬೇಕಾದ ಕೋಲು ಬೇರೆ ಇದೆ. ಅದನ್ನು ಇಲ್ಲಿಯ ಹಳಬರ ಬಾಯಿಂದಲೇ ಕಲಿತೆ.

ಹಳೆಯ ಹಳ್ಳಿಯ ಇಂಗ್ಲಿಷಿನಲ್ಲಿ ‘ಕಿಚನ್’ ಎಂಬ ಮಾತಿಗೆ ಅಡುಗೆಮನೆಯಲ್ಲದೆ ಇನ್ನೊಂದು ಅರ್ಥವಿದೆ: ಆಲೂಗಡ್ಡೆಗೆ ನಂಚಿಕೊಳ್ಳುವ ಪದಾರ್ಥ. ಐರಿಷ್ ಭಾಷೆಯಲ್ಲಿ ಇದಕ್ಕೆ ‘ಅನ್ಲನ್’ ಎನ್ನುತ್ತಾರೆ. ‘ಹಸಿವೇ ಒಳ್ಳೆಯ ಅನ್ಲನ್’ ಎಂಬುದು ಅವರ ಗಾದೆ. ಉಪ್ಪಿನ ಮೀನು, ಒಂದು ಚೂರು ಬೇಕನ್, ಬೆಣ್ಣೆ, ಮಜ್ಜಿಗೆ, ಏನೂ ಇಲ್ಲದಿದ್ದರೆ ಉಪ್ಪು ಕದಡಿದ ನೀರು, ಇವೆಲ್ಲ ‘ಕಿಚನ್’. ಇದು ತಿಳಿದ ದಿನ ನನಗೆ ಆ ಮೇಜು ಇದ್ದಕ್ಕಿದ್ದಂತೆ ನಮ್ಮೂರಿನದಾಯಿತು. ಮುದ್ದೆಯನ್ನು ನಾವು ಅದರ ರುಚಿಗೆಂದು ಉಣ್ಣುತ್ತೇವೆಯೇ? ಮುದ್ದೆ ಹೊಟ್ಟೆಗೆ, ಸಾರು ನಾಲಿಗೆಗೆ. ಮುದ್ದೆಯನ್ನು ಮಾತ್ರ ಬಾಯಿಗಿಟ್ಟು ‘ಕರ್ನಾಟಕದ ಊಟ ಸಪ್ಪೆ’ ಎಂದು ಯಾರಾದರೂ ಬರೆದರೆ ನಾವು ಸುಮ್ಮನಿರುತ್ತೇವೆಯೇ? ನಿಮ್ಮ ಲೇಖಕರು ಮಾಡಿದ್ದು ಅದನ್ನೇ. ಬಡವರ ಮನೆಯ ‘ಕಿಚನ್’ ಬಗ್ಗೆ ಇಲ್ಲೊಂದು ಹಳೆಯ ತಮಾಷೆಯೂ ಇದೆ. ‘ಆಲೂಗಡ್ಡೆ ಮತ್ತು ತೋರಿಸುವುದು’ ಎಂದು ಆ ಊಟದ ಹೆಸರು. ಜಂತಿಗೆ ನೇತುಹಾಕಿದ ಒಂದೇ ಒಂದು ಉಪ್ಪು ಮೀನಿನತ್ತ ಗಡ್ಡೆಯನ್ನು ತೋರಿಸಿ, ಬಾಯಿಗೆ ಹಾಕಿಕೊಳ್ಳುವುದು. ಮೀನು ಖರ್ಚಾಗುವುದೇ ಇಲ್ಲ.

ನಿಮ್ಮ ಬರಹದಲ್ಲಿ ಹಾಲಿನ ಹೆಸರೇ ಇಲ್ಲ ಎಂಬುದು ನನ್ನ ದೊಡ್ಡ ತಕರಾರು. ಆಲೂಗಡ್ಡೆ ಈ ದ್ವೀಪಕ್ಕೆ ಬಂದದ್ದು 16ನೆಯ ಶತಮಾನದ ಕೊನೆಗೋ 17ನೆಯ ಶತಮಾನದ ಮೊದಲಿಗೋ. ಅದಕ್ಕೂ ಸಾವಿರ ವರ್ಷ ಹಿಂದಿನಿಂದ ಇದು ಹಸು ಮತ್ತು ಓಟ್ಸ್‌ನ ನಾಡು. ಹಾಲು, ಮೊಸರು, ಗಿಣ್ಣು, ಬೆಣ್ಣೆ, ಮಜ್ಜಿಗೆ ಎಲ್ಲ ಸೇರಿ ‘ಬಿಳಿಯ ಆಹಾರ’ ಎಂಬ ಹೆಸರೇ ಐರಿಷ್ ಭಾಷೆಯಲ್ಲಿತ್ತು. ಸಾಕಲು ಬಿಟ್ಟ ಮಕ್ಕಳಿಗೆ ಯಾವ ಗಂಜಿ ಕೊಡಬೇಕೆಂದು ಅವರ ಪ್ರಾಚೀನ ಕಾನೂನು ಅಂತಸ್ತು ನೋಡಿ ನಿಗದಿ ಮಾಡಿತ್ತು. ಕೆಳಗಿನವರ ಮಕ್ಕಳಿಗೆ ಮಜ್ಜಿಗೆಯಲ್ಲೋ ನೀರಿನಲ್ಲೋ ಮಾಡಿದ ಓಟ್ಸ್ ಗಂಜಿ, ಉಪ್ಪು ಬೆಣ್ಣೆ; ನಾಯಕರ ಮಕ್ಕಳಿಗೆ ಹಸಿ ಹಾಲು, ತಾಜಾ ಬೆಣ್ಣೆ; ರಾಜರ ಮಕ್ಕಳಿಗೆ ಮೇಲೊಂದಿಷ್ಟು ಜೇನು. ಬೇಸಿಗೆಯಲ್ಲಿ ಹುಡುಗ ಹುಡುಗಿಯರು ದನಗಳನ್ನು ಬೆಟ್ಟದ ಹುಲ್ಲುಗಾವಲಿಗೆ ಅಟ್ಟಿಕೊಂಡು ಹೋಗಿ, ಅಲ್ಲಿಯೇ ಗುಡಿಸಲಲ್ಲಿದ್ದು ಬೆಣ್ಣೆ ತೆಗೆಯುತ್ತಿದ್ದರು. ನಮ್ಮ ಜಿಲ್ಲೆಯ ಅಕಿಲ್ ದ್ವೀಪದಲ್ಲಿ ಆ ಗುಡಿಸಲುಗಳ ಕಲ್ಲುಗೋಡೆ ಇವತ್ತಿಗೂ ನೋಡಲು ಸಿಗುತ್ತದೆ. ಜೌಗು ನೆಲದಲ್ಲಿ ಹೂತಿಟ್ಟು ಮರೆತ ಬೆಣ್ಣೆಯ ಉಂಡೆಗಳು ಶತಮಾನಗಳ ನಂತರವೂ ಉರುವಲಿಗೆಂದು ಜೌಗು ಮಣ್ಣು ಕಡಿಯುವವರ ಗುದ್ದಲಿಗೆ ಸಿಗುತ್ತವೆ.

ಅಜ್ಜಿಯ ಬಾಲ್ಯದಲ್ಲಿ ಬೆಣ್ಣೆ ಕಡೆಯುತ್ತಿದ್ದದ್ದು ಎದೆಯೆತ್ತರದ ಮರದ ಪೀಪಾಯಿಯಲ್ಲಿ. ನಮ್ಮ ಮಂತಿನಂತೆ ತಿರುಗಿಸುವುದಲ್ಲ. ಒನಕೆಯಂತಹ ಕೋಲನ್ನು ಮೇಲೆ ಕೆಳಗೆ ಕುಟ್ಟುವುದು. ಆ ಹೊತ್ತಿನಲ್ಲಿ ಯಾರೇ ಬಾಗಿಲಿಗೆ ಬಂದರೂ ‘ಈ ಕೆಲಸಕ್ಕೆ ದೇವರ ಆಶೀರ್ವಾದವಿರಲಿ’ ಎಂದು ಹೇಳಿ, ನಾಲ್ಕು ಸಲ ಕೋಲಿಗೆ ಕೈ ಕೊಟ್ಟೇ ಕೂರಬೇಕು. ಸುಮ್ಮನೆ ಬಂದು ಸುಮ್ಮನೆ ಹೋದವರು ಬೆಣ್ಣೆಯ ಸತ್ವವನ್ನು ಜೊತೆಗೆ ಒಯ್ಯುತ್ತಾರೆಂಬ ಭಯ. ಮೇ ಒಂದರ ದಿನ ಈ ಭಯ ಇನ್ನೂ ಹೆಚ್ಚು. ನಮ್ಮಲ್ಲಿ ಹಾಲಿಗೆ ದೃಷ್ಟಿಯಾಗುತ್ತದೆ ಎಂದು ನಾನು ಹೇಳಿದಾಗ ಅಜ್ಜಿ ಗಂಭೀರವಾಗಿ ತಲೆಯಾಡಿಸಿದರು. ಇಷ್ಟೆಲ್ಲ ಕಷ್ಟಪಟ್ಟು ತೆಗೆದ ಬೆಣ್ಣೆ ಮನೆಯವರ ಬಾಯಿಗೆ ಹೋಗುತ್ತಿದ್ದದ್ದು ಅಪರೂಪ. ಬೆಣ್ಣೆ ಮತ್ತು ಮೊಟ್ಟೆ ಹೆಂಗಸರ ದುಡ್ಡು. ಅಂಗಡಿಗೆ ಕೊಟ್ಟು ಚಹಾ, ಸಕ್ಕರೆ, ಮಕ್ಕಳ ಬೂಟು ತರಬೇಕು. ಮನೆಗೆ ಉಳಿಯುವುದು ಮಜ್ಜಿಗೆ. ಹಂದಿಗಂತೂ ಅವರಿಟ್ಟಿದ್ದ ಹೆಸರೇ ‘ಗೇಣಿ ಕಟ್ಟುವ ಯಜಮಾನರು’. ನಮ್ಮ ಅಮ್ಮನೂ ತುಪ್ಪ ಕಾಯಿಸಿ ಸಂತೆಗೆ ಕಳುಹಿಸಿ, ನಮಗೆ ಮಜ್ಜಿಗೆಗೆ ಉಪ್ಪು ಹಾಕಿ ಕೊಟ್ಟವರು. ಎಮ್ಮೆ ಸಾಕಿದ ಮನೆಯಲ್ಲಿ ತುಪ್ಪದ ರುಚಿ ಮಕ್ಕಳಿಗೆ ಗೊತ್ತಾಗುವುದು ಹಬ್ಬದ ದಿನ.

1889ರಲ್ಲಿ ಲಿಮರಿಕ್ ಕೌಂಟಿಯ ಡ್ರೊಮ್‌ಕೊಲ್ಲೊಹರ್ ಎಂಬಲ್ಲಿ ಮೊದಲ ಸಹಕಾರಿ ಕ್ರೀಮರಿ (ಹಾಲಿನ ಕೆನೆ ತೆಗೆದು ಬೆಣ್ಣೆ ಮಾಡುವ ಕೇಂದ್ರ) ಆರಂಭವಾದ ಮೇಲೆ ಊರೂರಿಗೂ ಕ್ರೀಮರಿಗಳು ಹಬ್ಬಿದವು. ಬೆಳಿಗ್ಗೆ ಕತ್ತೆ ಗಾಡಿಯಲ್ಲಿ ಹಾಲಿನ ಕ್ಯಾನು ಅಲ್ಲಿಗೆ, ಕೆನೆ ತೆಗೆದ ಹಾಲು ಕರುಗಳಿಗೆಂದು ವಾಪಸು ಮನೆಗೆ. ನಮ್ಮೂರ ಡೈರಿಯ ಮುಂದೆ ಬೆಳಿಗ್ಗೆ ನಡೆಯುವ ಹರಟೆ ಅಲ್ಲಿಯೂ ನಡೆಯುತ್ತಿತ್ತಂತೆ.

ಇನ್ನು ಆಲೂಗಡ್ಡೆ. ಒಂದೇ ಗಡ್ಡೆಯನ್ನು ನಂಬಿ ಬದುಕಿದ್ದು ರುಚಿಗೇಡಿತನದಿಂದಲ್ಲ, ಗೇಣಿಯಿಂದ. ಭೂಮಿ ಜಮೀನುದಾರನದು. ಬೆಳೆದ ಓಟ್ಸ್, ಸಾಕಿದ ದನ, ತೆಗೆದ ಬೆಣ್ಣೆ ಎಲ್ಲ ಮಾರಿ ಗೇಣಿ ಕಟ್ಟಬೇಕು. ಉಳಿದ ಅರ್ಧ ಎಕರೆ, ಒಂದು ಎಕರೆ ಕಲ್ಲುನೆಲದಲ್ಲಿ ಇಡೀ ಸಂಸಾರದ ಹೊಟ್ಟೆ ತುಂಬಿಸುವ ಬೆಳೆ ಅದೊಂದೇ. 1841ರ ಜನಗಣತಿಯಲ್ಲಿ ಐರ್ಲೆಂಡಿನ ಜನಸಂಖ್ಯೆ 81 ಲಕ್ಷ ದಾಟಿತ್ತು. ಸುಮಾರು 30 ಲಕ್ಷ ಮಂದಿಗೆ ಆಲೂಗಡ್ಡೆಯೇ ಅನ್ನ. ದುಡಿಯುವ ಗಂಡಸು ದಿನಕ್ಕೆ ಐದಾರು ಕಿಲೊ ತಿನ್ನುತ್ತಿದ್ದ. ಜೊತೆಗೆ ಮಜ್ಜಿಗೆ ಇದ್ದರೆ ಅದು ಕೆಟ್ಟ ಊಟವೇನೂ ಅಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ದೇಶದ ಚರಿತ್ರೆಯಲ್ಲಿಯೇ ಇದೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಸೇರಿದವರ ಎತ್ತರ ಅಳೆದು ಬರೆದಿಟ್ಟ ದಾಖಲೆಗಳಲ್ಲಿ ಐರಿಷ್ ಬಡವರು ಇಂಗ್ಲಿಷ್ ಬಡವರಿಗಿಂತ ಎತ್ತರವಾಗಿದ್ದರು.

1845ರಲ್ಲಿ ಆಲೂಗಡ್ಡೆಯನ್ನು ಕೊಳೆಸುವ ಅಂಗಮಾರಿ ರೋಗ ಬಂತು. ಬಡವರು ಬೆಳೆಯುತ್ತಿದ್ದದ್ದು ಬಹುಪಾಲು ‘ಲಂಪರ್’ ಎಂಬ ಒಂದೇ ತಳಿ. ಎಲ್ಲವೂ ಒಂದೇ ಗಡ್ಡೆಯ ಹೋಳುಗಳಿದ್ದ ಹಾಗೆ. ಒಂದಕ್ಕೆ ತಗುಲಿದ್ದು ಎಲ್ಲಕ್ಕೂ ತಗುಲಿತು. 1852ರ ಹೊತ್ತಿಗೆ ಸುಮಾರು ಹತ್ತು ಲಕ್ಷ ಜನ ಹಸಿವಿನಿಂದ, ಜ್ವರದಿಂದ ಸತ್ತಿದ್ದರು. ಹತ್ತು ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿದ್ದರು. ಅದೇ ವರ್ಷಗಳಲ್ಲಿ ಬಂದರುಗಳಿಂದ ಓಟ್ಸ್, ಬೆಣ್ಣೆ, ದನ ಹೊರದೇಶಕ್ಕೆ ಹೋಗುತ್ತಲೇ ಇದ್ದವು. ಮೇಯೊ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲೊಂದು. ಸಂಜೆಯ ಓರೆ ಬಿಸಿಲಿನಲ್ಲಿ ಇಲ್ಲಿಯ ಬೆಟ್ಟಗಳನ್ನು ನೋಡಿದರೆ, ಈಗ ಕುರಿ ಮೇಯುವ ಇಳಿಜಾರಿನ ಹುಲ್ಲಿನಡಿ ಉದ್ದುದ್ದ ಏರಿಗಳು ಎದ್ದು ಕಾಣುತ್ತವೆ. ಅವು ಹಳೆಯ ಆಲೂಗಡ್ಡೆ ಮಡಿಗಳು. ಮೊದಲ ಸಲ ಅಜ್ಜಿ ತೋರಿಸಿದಾಗ ನಾನು ಕೃಷಿಯ ಕುತೂಹಲದಿಂದ ಏನೇನೋ ಕೇಳಿದೆ. ಆಕೆ ಹೆಚ್ಚು ಮಾತಾಡಲಿಲ್ಲ.

ನನಗೂ ಆ ರೋಗ ಹೊಸದಲ್ಲ. ಹಾಸನದ ರೈತರಿಗೆ ಅಂಗಮಾರಿ ಎಂದರೆ ಸಾಕು, ವಿವರಿಸಬೇಕಿಲ್ಲ. ನಾಲ್ಕು ದಿನ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಎಲೆಯ ಮೇಲೆ ಕಂದು ಮಚ್ಚೆ, ವಾರದೊಳಗೆ ಹೊಲವೇ ಸುಟ್ಟ ಹಾಗೆ, ಹತ್ತಿರ ಹೋದರೆ ಕೊಳೆತ ವಾಸನೆ. ಒಂದು ವರ್ಷ ಅಪ್ಪ ಬದುವಿನ ಮೇಲೆ ಕುಳಿತವರು ಕತ್ತಲಾದರೂ ಏಳಲಿಲ್ಲ. ಅದೇ ಜೀವಿ, ಫೈಟೊಫ್ತೊರಾ ಇನ್‌ಫೆಸ್ಟಾನ್ಸ್. ಇಲ್ಲಿ ಬಂದ ಮೊದಲ ಬೇಸಿಗೆಯಲ್ಲಿ ರೇಡಿಯೊದ ಹವಾಮಾನ ವಾರ್ತೆಯಲ್ಲಿ ‘ಅಂಗಮಾರಿ ಎಚ್ಚರಿಕೆ’ ಎಂದು ಓದಿದ್ದನ್ನು ಕೇಳಿ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಹವೆಯ ತೇವ, ಶಾಖ ನೋಡಿ ಇಲ್ಲಿಯ ಹವಾಮಾನ ಇಲಾಖೆ ಇಂದಿಗೂ ಆ ಎಚ್ಚರಿಕೆ ಕೊಡುತ್ತದೆ. ಹಿಂದೆ ಮೈಲುತುತ್ತಕ್ಕೆ ಬಟ್ಟೆ ಸೋಡಾ ಬೆರೆಸಿ ಪೀಪಾಯಿಯಲ್ಲಿ ಕದಡಿ ಸಿಂಪಡಿಸುತ್ತಿದ್ದರಂತೆ. ಅಪ್ಪ ಮೈಲುತುತ್ತಕ್ಕೆ ಸುಣ್ಣ ಬೆರೆಸುತ್ತಿದ್ದರು ಎಂದೆ. ಅಜ್ಜಿಯ ಮಗ ಮೊದಲ ಬಾರಿಗೆ ನನ್ನೊಡನೆ ಅರ್ಧ ಗಂಟೆ ಮಾತಾಡಿದ್ದು ಅವತ್ತು.

ಐರ್ಲೆಂಡಿನ ಆ ಕ್ಷಾಮದಲ್ಲಿ ಸರ್ಕಾರ ಅಮೆರಿಕದಿಂದ ತರಿಸಿದ ಮೆಕ್ಕೆಜೋಳದ ಹಿಟ್ಟಿಗೆ ಇಲ್ಲಿ ‘ಇಂಡಿಯನ್ ಮೀಲ್’ ಎಂದೇ ಹೆಸರು. ಅದನ್ನು ಬೇಯಿಸುವ ಬಗೆ ತಿಳಿಯದೆ, ಅರೆಬೆಂದದ್ದನ್ನು ತಿಂದು ಹೊಟ್ಟೆ ಕೆಡಿಸಿಕೊಂಡವರು ಅನೇಕರು. ಹಳದಿ ಹಿಟ್ಟಿನ ಗಂಜಿ ಆಮೇಲೂ ಬಡವರ ಮನೆಗಳಲ್ಲಿ ಉಳಿಯಿತು. ನಮ್ಮ ಕೇಂದ್ರದ ಒಬ್ಬ ತಾತ ‘ಆ ಹಿಟ್ಟು ನಿಮ್ಮೂರಿನದೇ ತಾನೇ, ಚಿಕ್ಕಂದಿನಲ್ಲಿ ನನ್ನ ಪ್ರಾಣ ತಿಂದಿದೆ’ ಎಂದು ನನ್ನ ಮೇಲೆ ಮುನಿದಿದ್ದರು. ಅದು ಬೇರೆ ಇಂಡಿಯನ್ನರದು, ಅಮೆರಿಕದವರದು ಎಂದು ತಿಳಿಹೇಳಲು ಒಂದು ವಾರ ಬೇಕಾಯಿತು.

ಇನ್ನೊಬ್ಬ ತಾತನನ್ನು ಮರೆಯಲಾರೆ. ಮರೆವಿನ ಕಾಯಿಲೆ, ಮಕ್ಕಳ ಗುರುತೂ ಇಲ್ಲ. ನುಣ್ಣಗೆ ಮಸೆದ ಆಲೂಗಡ್ಡೆಯನ್ನು ಚಮಚದಲ್ಲಿ ಬಾಯಿಗಿಟ್ಟರೆ ತುಟಿ ಬಿಗಿದುಬಿಡುತ್ತಿದ್ದರು. ದಿನದಿನಕ್ಕೆ ತೂಕ ಇಳಿಯುತ್ತಿತ್ತು. ಒಂದು ಮಧ್ಯಾಹ್ನ ಅವರ ಬಲಗೈ ಹೆಬ್ಬೆರಳು ಖಾಲಿ ಎಡಗೈಯ ಮೇಲೆ ಏನನ್ನೋ ಸುಲಿಯುತ್ತಿದ್ದದ್ದನ್ನು ನೋಡಿದೆ. ಆ ಉಗುರನ್ನು ಕತ್ತರಿಸಲು ಹೋದಾಗಲೆಲ್ಲ ಕೈ ಹಿಂದೆಳೆದುಕೊಳ್ಳುತ್ತಿದ್ದದ್ದು ನೆನಪಾಯಿತು. ಅಜ್ಜಿಯನ್ನು ಕೇಳಿದೆ. ಹಿಂದಿನವರು ಬಿಸಿ ಗಡ್ಡೆಯ ಸಿಪ್ಪೆ ತೆಗೆಯಲೆಂದೇ ಹೆಬ್ಬೆರಳಿನ ಉಗುರನ್ನು ಉದ್ದ ಬಿಡುತ್ತಿದ್ದರಂತೆ. ಮನೆಯಲ್ಲಿ ಎಲ್ಲರಿಗೂ ಆಗುವಷ್ಟು ಚಾಕು ಫೋರ್ಕುಗಳೆಲ್ಲಿದ್ದವು? ಬೆಂದ ಗಡ್ಡೆಯನ್ನು ಬೆತ್ತದ ಬುಟ್ಟಿಗೆ ಸುರಿದು ನೀರು ಬಸಿದು, ಬುಟ್ಟಿಯನ್ನು ಹಂಡೆಯ ಬಾಯ ಮೇಲೆಯೇ ಇಟ್ಟು, ಸುತ್ತ ಕುಳಿತು ತಿನ್ನುವುದು. ಮಧ್ಯದಲ್ಲಿ ಉಪ್ಪು, ಕೈಯಲ್ಲಿ ಮಜ್ಜಿಗೆಯ ಮಗ್ಗು. ಮರುದಿನ ತಾತನ ಮುಂದೆ ಸಿಪ್ಪೆ ಸಮೇತ ಒಂದು ಬಿಸಿ ಗಡ್ಡೆಯನ್ನು, ಸುಡದಷ್ಟು ಆರಿಸಿ, ಇಟ್ಟೆ. ನಡುಗುವ ಕೈ ನಿಂತಿತು. ಉಗುರು ಸಿಪ್ಪೆಯ ಕೆಳಗೆ ಹೋಗಿ, ಒಂದೇ ಸುತ್ತಿನಲ್ಲಿ ಸುಲಿದು, ಉಪ್ಪಿಗಾಗಿ ಮೇಜು ತಡಕಿದರು. ಎರಡು ಗಡ್ಡೆ ತಿಂದರು. ಅವರಿಗೆ ಬೇಕಿದ್ದ ಮಜ್ಜಿಗೆ ಕೇಂದ್ರದ ಅಡುಗೆಮನೆಯಲ್ಲಿ ಇರಲಿಲ್ಲ. ನಾನು ಮನೆಯಲ್ಲಿ ಹೆಪ್ಪು ಹಾಕಿದ ಮೊಸರನ್ನು ಕಡೆದು ತಂದುಕೊಡುತ್ತಿದ್ದೆ. ಹಾಸನದ ಮಜ್ಜಿಗೆ ಎಂದು ಅವರಿಗೆ ಹೇಳಲಿಲ್ಲ.

ಉಳಿದ ಪದಾರ್ಥಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕರಾವಳಿಯವರಿಗೆ ಕಡಲ ಪಾಚಿಯೂ ಆಹಾರ. ‘ಡಿಲ್ಲಿಸ್ಕ್’ ಎಂಬುದನ್ನು ಒಣಗಿಸಿ ನಮ್ಮ ಕಡೆಯ ಮಕ್ಕಳು ಹುಣಸೆಹಣ್ಣು ಚೀಪುವಂತೆ ಅಗಿಯುತ್ತಾರೆ. ‘ಕ್ಯಾರಗೀನ್’ ಎಂಬುದನ್ನು ಹಾಲಿನಲ್ಲಿ ಕುದಿಸಿ ಸೋಸಿದರೆ ಗಟ್ಟಿಯಾಗುತ್ತದೆ, ಕೆಮ್ಮಿಗೆ ಅದೇ ಮದ್ದು. ಹಿಂದೆ ಶುಕ್ರವಾರ ಮಾಂಸ ವರ್ಜ್ಯವಾಗಿತ್ತು, ಅಂದು ಮೀನು. ಹಂದಿ ಕೊಯ್ದ ದಿನ ನೆರೆಮನೆಗಳಿಗೆಲ್ಲ ಪಾಲು ಹೋಗುತ್ತಿತ್ತು. ಅವರು ಕೊಯ್ದಾಗ ತಿರುಗಿ ಬರುತ್ತಿತ್ತು. ಫ್ರಿಜ್ ಇಲ್ಲದ ಕಾಲದಲ್ಲಿ ನೆರೆಮನೆಯೇ ಫ್ರಿಜ್. ಅಕ್ಟೋಬರ್ 31ರ ರಾತ್ರಿ ಗಡ್ಡೆಯನ್ನು ಕೇಲ್ ಸೊಪ್ಪಿನೊಡನೆ ಮಸೆದು, ನಡುವೆ ಗುಳಿ ತೋಡಿ ಬೆಣ್ಣೆ ತುಂಬುವ ‘ಕೋಲ್‌ಕ್ಯಾನನ್’. ಅದರೊಳಗೆ ಉಂಗುರ ಸಿಕ್ಕವಳಿಗೆ ಮದುವೆ. ಲೀಟ್ರಿಮ್ ಕಡೆ ಹಸಿ ಗಡ್ಡೆಯನ್ನು ತುರಿದು ಹಿಂಡಿ, ಬೆಂದ ಗಡ್ಡೆ ಬೆರೆಸಿ ಕಾವಲಿಯ ಮೇಲೆ ಹುಯ್ಯುವ ‘ಬಾಕ್ಸ್‌ಟಿ’ ತಿಂದಾಗ ನಮ್ಮ ದೋಸೆಯ ದೂರದ ನೆಂಟನೆನಿಸಿತು. ಚಹಾ ಎಷ್ಟು ಕಡುವಾಗಿರಬೇಕೆಂದರೆ ಅದರ ಮೇಲೆ ಇಲಿ ಓಡಾಡುವಂತಿರಬೇಕು ಎಂಬುದು ಅವರದೇ ಮಾತು. ಕಾಫಿ ನಾಡಿನವಳಾದ ನನಗೆ ಆ ಚಹಾದೊಂದಿಗೆ ರಾಜಿಯಾಗಲು ಹತ್ತು ವರ್ಷ ಹಿಡಿಯಿತು.

ಇಷ್ಟನ್ನೆಲ್ಲ ತಿಳಿಯಲು ನಿಮ್ಮ ಲೇಖಕರು ವಿಮಾನ ಹತ್ತಬೇಕಾಗಿಯೂ ಇರಲಿಲ್ಲ. 1937ರಿಂದ 1939ರವರೆಗೆ ಐರಿಷ್ ಜಾನಪದ ಆಯೋಗ ದೇಶದ ಪ್ರಾಥಮಿಕ ಶಾಲೆಗಳ ಮಕ್ಕಳ ಕೈಗೆ ನೋಟ್‌ಪುಸ್ತಕ ಕೊಟ್ಟು, ಮನೆಯ, ನೆರೆಮನೆಯ ಹಿರಿಯರನ್ನು ಕೇಳಿ ಬರೆಯಿರಿ ಎಂದಿತು. ಸುಮಾರು 50 ಸಾವಿರ ಮಕ್ಕಳು ಬರೆದರು. ‘ಹಿಂದಿನ ಕಾಲದ ಊಟ’ ಎಂಬುದೂ ಅದರಲ್ಲೊಂದು ವಿಷಯ. ಹನ್ನೆರಡು ಹದಿಮೂರರ ಮಕ್ಕಳ ಗುಂಡು ಅಕ್ಷರದಲ್ಲಿ ಬರೆದ ಆ ಪುಟಗಳನ್ನು ಈಗ ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದು. ನನ್ನ ರಾತ್ರಿ ಪಾಳಿಗಳಲ್ಲಿ ಎಷ್ಟೋ ಹೊತ್ತು ಕಳೆದದ್ದು ಅದನ್ನು ಓದುತ್ತಾ. ಓದುವಾಗಲೆಲ್ಲ ಹೊಟ್ಟೆಯುರಿಯುತ್ತದೆ. ನಮ್ಮ ಅಮ್ಮ ಬರಗಾಲದಲ್ಲಿ ಬೇಯಿಸಿಕೊಟ್ಟ ಸೊಪ್ಪುಗಳ ಹೆಸರು ನನಗೇ ಅರ್ಧ ಮರೆತಿದೆ, ಕೇಳಲು ಅವರಿಲ್ಲ.

ಈಗ ಬ್ರೆಡ್ಡಿನ ತಿದ್ದುಪಡಿ. ಐರ್ಲೆಂಡಿನ ಗೋಧಿ ಮೆದು ಜಾತಿಯದು, ಹಿಟ್ಟಿಗೆ ಜಿಗುಟು ಕಡಿಮೆ, ಯೀಸ್ಟಿಗೆ ಒಗ್ಗುವುದಿಲ್ಲ. 19ನೆಯ ಶತಮಾನದ ಮೊದಲ ಅರ್ಧದಲ್ಲಿ ಅಡುಗೆ ಸೋಡಾ ಅಂಗಡಿಗಳಿಗೆ ಬಂತು, ಮನೆಯಲ್ಲಿ ಹುಳಿ ಮಜ್ಜಿಗೆ ಮೊದಲೇ ಇತ್ತು. ಎರಡೂ ಸೇರಿದರೆ ನೊರೆಯೇಳುತ್ತದೆ, ಹಿಟ್ಟು ಉಬ್ಬುತ್ತದೆ. ಅಷ್ಟೇ ವಿದ್ಯೆ. ಅಜ್ಜಿಯ ತಾಯಿ ಸುಡುತ್ತಿದ್ದದ್ದು ‘ಬ್ಯಾಸ್ಟಿಬಲ್’ ಎಂಬ ಎರಕದ ಕಬ್ಬಿಣದ ಪಾತ್ರೆಯಲ್ಲಿ. ಅದನ್ನು ಟರ್ಫ್ ಬೆಂಕಿಯ ಮೇಲೆ ತೂಗುಹಾಕಿ, ಮುಚ್ಚಳದ ಮೇಲೂ ಕೆಂಡ ಹರಡುತ್ತಿದ್ದರು. ಟರ್ಫ್ ಎಂದರೆ ಜೌಗು ನೆಲವನ್ನು ಇಟ್ಟಿಗೆಯಂತೆ ಕಡಿದು ಬಿಸಿಲಿಗೆ ಒಣಗಿಸಿದ್ದು. ನಮ್ಮ ಬೆರಣಿಯಂತೆ ನಿಧಾನ ಉರಿ, ಅದಕ್ಕೂ ಒಂದು ಸಿಹಿ ಹೊಗೆ. ಈಗ ಓವನ್ ಸಾಕು.

ಅಜ್ಜಿ ತಕ್ಕಡಿ ಮುಟ್ಟಿದವರಲ್ಲ. ಅವರ ಹಿಡಿಯನ್ನು ನಾನು ತೂಗಿ ನೋಡಿ ಬರೆದುಕೊಂಡ ಲೆಕ್ಕ ಇದು: 450 ಗ್ರಾಂ ಹಿಟ್ಟು (ನಮ್ಮಲ್ಲಿ ಅರ್ಧ ಮೈದಾ, ಅರ್ಧ ಗೋಧಿಹಿಟ್ಟು ಆಗುತ್ತದೆ), ಒಂದು ಚಹಾ ಚಮಚ ಉಪ್ಪು, ಮಟ್ಟಸವಾಗಿ ಒಂದು ಚಹಾ ಚಮಚ ಅಡುಗೆ ಸೋಡಾ. ಬೇಕಿಂಗ್ ಪೌಡರ್ ಅಲ್ಲ. ಸೋಡಾದಲ್ಲಿ ಗಂಟಿದ್ದರೆ ಅಂಗೈಯಲ್ಲಿ ಉಜ್ಜಿ ಪುಡಿ ಮಾಡಿ ಹಾಕಬೇಕು, ಇಲ್ಲದಿದ್ದರೆ ಬ್ರೆಡ್ಡಿನಲ್ಲಿ ಹಳದಿ ಚುಕ್ಕೆ ಬಂದು ಕಹಿಯಾಗುತ್ತದೆ. 350ರಿಂದ 400 ಮಿಲಿಲೀಟರ್ ಮಜ್ಜಿಗೆ. ನಾವು ಬೇಸಿಗೆಗೆ ಕುಡಿಯುವ ನೀರು ಮಜ್ಜಿಗೆಯಲ್ಲ. ಎರಡು ದಿನದ ಹುಳಿ ಮೊಸರನ್ನು ತುಸುವೇ ನೀರು ಬೆರೆಸಿ ಕಡೆದದ್ದು. ಹಿಟ್ಟಿನ ನಡುವೆ ಗುಳಿ ಮಾಡಿ, ಮಜ್ಜಿಗೆ ಸುರಿದು, ಬೆರಳುಗಳನ್ನು ಅಗಲಿಸಿ ಒಂದೇ ಕೈಯಲ್ಲಿ ಸುತ್ತಬೇಕು. ಕೂಡಿಕೊಂಡ ತಕ್ಷಣ ಕೈ ತೆಗೆಯಿರಿ. ನಾದಿದರೆ ಕಲ್ಲಾಗುತ್ತದೆ, ಓವನ್ನಿಗಿಡದೆ ಹಾಗೇ ಬಿಟ್ಟರೆ ಉಬ್ಬು ಇಳಿದುಹೋಗುತ್ತದೆ. ಒಂದೂವರೆ ಇಂಚು ದಪ್ಪಕ್ಕೆ ಗುಂಡಗೆ ತಟ್ಟಿ, ಮೇಲೆ ಚಾಕುವಿನಿಂದ ಆಳವಾಗಿ ಅಡ್ಡಲಾಗಿ ಉದ್ದಲಾಗಿ ಎರಡು ಗೀರು ಎಳೆಯಬೇಕು. ನಡುಭಾಗ ಬೇಯಲಿ ಎಂದು ಕೆಲವರು, ಒಳಗಿನ ಯಕ್ಷಿಣಿಯರು ಹೊರಹೋಗಲಿ ಎಂದು ಅಜ್ಜಿ. ಮೊದಲೇ ಕಾಯ್ದ ಓವನ್ನಿನಲ್ಲಿ 230 ಡಿಗ್ರಿ ಸೆಲ್ಸಿಯಸ್‌ಗೆ ಹದಿನೈದು ನಿಮಿಷ, ಆಮೇಲೆ 200ಕ್ಕೆ ಇಳಿಸಿ ಇನ್ನು ಅರ್ಧ ಗಂಟೆ. ತೆಗೆದು ಬುಡವನ್ನು ಬೆರಳ ಗಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಬೆಂದಿದೆ. ಬಾರದಿದ್ದರೆ ತಲೆಕೆಳಗಾಗಿ ಮತ್ತೆ ಐದು ನಿಮಿಷ ಒಳಗಿಡಿ. ಮೇಲ್ಪದರ ಮೆದುವಾಗಿರಬೇಕೆಂದರೆ ಬಿಸಿಯಿರುವಾಗಲೇ ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಅವತ್ತೇ ತಿಂದು ಮುಗಿಸಬೇಕು, ಮರುದಿನಕ್ಕೆ ಒಣಗುತ್ತದೆ.

— ಹಾಸನ ಮೂಲದ ಓದುಗಿ,
ಮೇಯೊ ಕೌಂಟಿ, ಐರ್ಲೆಂಡ್